ಹಿಡಿಕೆಯಿಲ್ಲದ ಬ್ರಷ್ಷು

ನಮ್ಮ ಮನೆಯ ಬಚ್ಚಲಿನ ಗೂಡಿನಲ್ಲಿ ಹಲ್ಲುಜ್ಜುವ ಬ್ರಷ್ಷೊಂದಿದೆ. ಅದಕ್ಕೆ ಹಿಡಿಕೆಯಿಲ್ಲ. ತಲೆಯಿದೆ, ಕೂದಲಿದೆ, ಕುತ್ತಿಗೆಯೂ ಒಂದೂವರೆ ಬೆರಳಿನಷ್ಟಿದೆ, ಅಲ್ಲಿಗೆ ಮುಗಿಯಿತು. ಕೈಕಾಲು ತೊಳೆಯಲು ಒಳಗೆ ಹೋದ ನೆಂಟರು ಹೊರಗೆ ಬರುವಾಗ ಮುಖದಲ್ಲಿ ಒಂದು ಪ್ರಶ್ನೆ ಹೊತ್ತು ಬರುತ್ತಾರೆ. ಇಲಿ ಕಡಿದಿರಬೇಕೆಂದು ಕೆಲವರ ಊಹೆ. ನಮ್ಮ ಬೀಗರು ಬಹಳ ಸೂಕ್ಷ್ಮದವರು. ಏನೂ ಕೇಳದೆ ಮರುದಿನ ಒಂದು ಹೊಸ ಬ್ರಷ್ಷು ತಂದು ಅದರ ಪಕ್ಕದಲ್ಲಿಟ್ಟು ಹೋದರು.

ಇಲಿಯ ಮೇಲೆ ಅಪವಾದ ಬೇಡ. ಅದನ್ನು ಕೊಯ್ದವನು ನಾನೇ. ಹ್ಯಾಕ್ಸಾ ಬ್ಲೇಡಿನಿಂದ, ಹಾಡಹಗಲಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ, ಯಾರ ಒತ್ತಾಯವೂ ಇಲ್ಲದೆ ಕೊಯ್ದೆ. ಕೊಯ್ದ ಮೇಲೆ ತೂಗಿಯೂ ನೋಡಿದೆ. ಏಳು ಗ್ರಾಂ ಉಳಿತಾಯವಾಗಿತ್ತು. ಆ ದಿನ ನನಗಾದ ಸಂತೋಷವನ್ನು ಹಂಚಿಕೊಳ್ಳಲು ಅಡುಗೆಮನೆಗೆ ಹೋದೆ. ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುತ್ತಿದ್ದವಳು ಬ್ರಷ್ಷನ್ನು ನೋಡಿದಳು, ಆಮೇಲೆ ನನ್ನ ಹೊಟ್ಟೆಯನ್ನು ನೋಡಿದಳು.

"ಮುಂದ ಹತ್ತು ಕಿಲೋ ಕಟ್ಕಂಡು ತಿರಗಾಡ್ತೀರಿ. ಅದನ್ನ ಬಿಟ್ಟು ಆ ಬಡಪಾಯಿ ಬ್ರಷ್ ಕೊಯ್ದ್ರಲ್ರಿ!"

ವಿಜ್ಞಾನಕ್ಕೆ ಮನೆಯೊಳಗೆ ಮನ್ನಣೆ ಸಿಗುವುದಿಲ್ಲ ಎಂಬುದು ಹಳೆಯ ಮಾತು.

ಆದರೆ ತೂಕದ ವಿಷಯದಲ್ಲಿ ನನ್ನನ್ನು ಯಾರೂ ಹಗುರವಾಗಿ ಕಾಣಬಾರದು. ನಾನು ಹುಟ್ಟಿದ್ದೇ ತಕ್ಕಡಿಯ ಪಕ್ಕದಲ್ಲಿ. ಕಂಪ್ಲಿಯಲ್ಲಿ ನಮ್ಮದೊಂದು ಅಕ್ಕಿ ಗಿರಣಿಯಿತ್ತು. ಬಾಗಿಲಲ್ಲೇ ಮೂಟೆ ತೂಗುವ ಕಬ್ಬಿಣದ ದೊಡ್ಡ ತಕ್ಕಡಿ. ಕೆಳಗಿನ ಹಲಗೆಯ ಮೇಲೆ ಮೂಟೆ ಇಟ್ಟು ಮೇಲಿನ ಕಡ್ಡಿಯಲ್ಲಿ ಗುಂಡು ಸರಿಸುವಂಥದ್ದು. ಅಮಾವಾಸ್ಯೆಗೆ ಗಿರಣಿ ನಿಂತಾಗ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ಅದರ ಮೇಲೆ ನಿಲ್ಲಿಸುತ್ತಿದ್ದರು. ಒಂಬತ್ತನೆಯ ವಯಸ್ಸಿನಲ್ಲಿ ನಾನು ಒಂದು ಭತ್ತದ ಮೂಟೆಯ ಮೂರನೇ ಒಂದು ಪಾಲಿಗೂ ಕಡಿಮೆಯಿದ್ದೆ. ನೆಂಟರಿಗೆ ನನ್ನ ಪರಿಚಯ ಮಾಡಿಕೊಡುವಾಗಲೂ ಹೆಸರಿಗಿಂತ ಮೊದಲು ಈ ಸಂಗತಿಯನ್ನು ಹೇಳಲಾಗುತ್ತಿತ್ತು. ತಲೆಕೂದಲಿಗೆ ತೌಡು ಹತ್ತಿಸಿಕೊಂಡು ಆ ಹಲಗೆಯ ಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ಉಸಿರು ಹಿಡಿದರೆ ತೂಕ ಹೆಚ್ಚುತ್ತದೆಂದು ನನ್ನ ನಂಬಿಕೆ. ಅಪ್ಪ ಅದನ್ನು ಕಂಡು, "ಉಸ್ರು ಬಿಡಲೇ. ತಕ್ಕಡಿ ಸುಳ್ಳು ಹೇಳಂಗಿಲ್ಲ, ಅದರ ಮುಂದ ನಿಂತೋನು ಹೇಳ್ತಾನ" ಎನ್ನುತ್ತಿದ್ದರು.

ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ಬಹಳ ವರ್ಷ ಮರೆತಿದ್ದೆ.

ಮುಂದೆ ಹೊಸಪೇಟೆಗೆ ಬಂದು ಕಿರಾಣಿ ಅಂಗಡಿ ಇಟ್ಟೆ. ಮೂವತ್ತಕ್ಕೂ ಹೆಚ್ಚು ವರ್ಷ ಬೇಳೆ, ಬೆಲ್ಲ, ಮೆಣಸಿನಕಾಯಿ ತೂಗಿದೆ. ಕಣ್ಣು ಮುಚ್ಚಿ ಕೈಯಲ್ಲಿ ಹಿಡಿದರೆ ಇದು ಕಾಲು ಕಿಲೋ, ಇದು ಕಾಲು ಕಿಲೋಗೆ ಎರಡು ಚಿಟಿಕೆ ಕಡಿಮೆ ಎಂದು ಹೇಳಬಲ್ಲೆ. ಅಂಥ ಮನುಷ್ಯ ಹನ್ನೊಂದು ವರ್ಷದ ಹಿಂದೆ ಒಂದು ಯುಗಾದಿಗೆ ಮುಂಚೆ, ಶ್ರೀಶೈಲದ ಪಾದಯಾತ್ರೆಗೆ ಹೊರಟಾಗ, ಬೆನ್ನ ಮೇಲಿನ ಚೀಲವನ್ನು ತೂಗಲಿಲ್ಲ. ಊರಿನವರ ನಾಡಿಯೆಲ್ಲ ಹಿಡಿದ ವೈದ್ಯನಿಗೆ ತನ್ನ ನಾಡಿ ನೋಡಿಕೊಳ್ಳುವುದು ತಿಳಿಯಲಿಲ್ಲ ಎನ್ನಿ.

ನಮ್ಮ ತಂಡದಲ್ಲಿ ಇಪ್ಪತ್ತು ಜನ. ಮುಖ್ಯಸ್ಥರು ಕೊಟ್ರಪ್ಪ ಮಾಸ್ತರು; ಕನ್ನಡ ಶಾಲೆಯ ನಿವೃತ್ತ ಮಾಸ್ತರು, ನಡೆಯುವುದರಲ್ಲೂ ಹಾಜರಿ ತೆಗೆದುಕೊಳ್ಳುವವರು. ಬೇರೆ ತಂಡಗಳ ಹಿಂದೆ ಸಾಮಾನು ಹೊರಲು ಟೆಂಪೋ ಬರುತ್ತದೆ. ಮಾಸ್ತರಿಗೆ ಅದು ಸೇರದು. "ನೀ ಹೊಚ್ಕೊಳ್ಳೋ ಕೌದಿ ಟೆಂಪೋದಾಗ, ನೀನು ರಸ್ತೆ ಮ್ಯಾಲೆ, ಯಾತ್ರಿ ಯಾರು ಮಾಡಿದಂಗಾತು, ನೀನೋ ಕೌದಿನೋ?" ಎನ್ನುತ್ತಾರೆ. ಅದರಲ್ಲೂ ಮುಡುಪಿನ ಕಾಯಿಯ ವಿಷಯದಲ್ಲಿ ಅವರದು ಕಟ್ಟುನಿಟ್ಟು. ತಾವು ನಡೆಯಲಾಗದವರು ನಡೆಯುವವರ ಕೈಯಲ್ಲಿ ಹರಕೆಯ ತೆಂಗಿನಕಾಯಿ ಕಳಿಸುವುದು ನಮ್ಮ ಕಡೆಯ ವಾಡಿಕೆ. ಆ ಕಾಯಿ ಕೊಟ್ಟವರ ಮನೆಯಿಂದ ಶ್ರೀಶೈಲದ ಮಲ್ಲಯ್ಯನ ಹೊಸ್ತಿಲವರೆಗೆ ಕಾಲ ಮೇಲೇ ಹೋಗಬೇಕು. ಚಕ್ರ ಮುಟ್ಟಿದರೆ ಅದು ಬರೀ ಕಾಯಿ.

ಆ ವರ್ಷ ನಾನು ಹೊತ್ತದ್ದು: ಕುರಿ ಉಣ್ಣೆಯ ಕಂಬಳಿ, ಮೂರು ಅಂತಸ್ತಿನ ಸ್ಟೀಲ್ ಡಬ್ಬಿ, ಹಿತ್ತಾಳೆ ತಂಬಿಗೆ, ಮೂರು ಪಂಚೆ, ಗಡ್ಡದ ಸಾಮಾನಿನ ಪೆಟ್ಟಿಗೆ ಕನ್ನಡಿ ಸಹಿತ, ಎರಡು ಕಿಲೋ ಶೇಂಗಾ ಹೋಳಿಗೆ, ಬೆಂಡಾಗದಿರಲೆಂದು ರಟ್ಟಿನ ನಡುವೆ ಇಟ್ಟ ಪಂಚಾಂಗ. ಇವೆಲ್ಲದರ ನಡುವೆ ಪಂಪಕ್ಕನ ತೆಂಗಿನಕಾಯಿ.

ಪಂಪಕ್ಕ ಪಾಪಿನಾಯಕನಹಳ್ಳಿಯವಳು. ಎರಡು ಎಮ್ಮೆ, ಸ್ವಲ್ಪ ಹೊಲ. ಮಂಗಳವಾರ, ಶುಕ್ರವಾರ ನಮ್ಮ ಮನೆಗೆ ಮೊಸರು ತರುತ್ತಾಳೆ. ಆ ವರ್ಷ ಅವಳ ಮಗಳ ಹೆರಿಗೆ ಬಹಳ ಕಷ್ಟವಾಗಿ, ಕೊನೆಗೆ ತಾಯಿ, ಕೂಸು ಇಬ್ಬರೂ ಉಳಿದಿದ್ದರು. ಮಲ್ಲಯ್ಯನಿಗೆ ಒಂದು ಕಾಯಿ ಎಂದು ಹೇಳಿಕೊಂಡಿದ್ದಳಂತೆ. ಹಳದಿ ಬಟ್ಟೆಯಲ್ಲಿ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ನಾನು ಚೀಲದ ತಳದಲ್ಲಿ, ಒಡೆಯದಿರಲೆಂದು ಕಂಬಳಿಯ ಸುರುಳಿಯೊಳಗೆ ಇಟ್ಟೆ.

ಎರಡನೆಯ ದಿನ ಕುರೆಕುಪ್ಪ ತಲುಪುವಷ್ಟರಲ್ಲಿ ಬಲ ಮೊಣಕಾಲು ಕುಂಬಳಕಾಯಿಯಾಗಿತ್ತು. ಶ್ರೀಶೈಲ ಇನ್ನೂ ಎಲ್ಲಿತ್ತೋ. ನಾನಿನ್ನೂ ಬಳ್ಳಾರಿಯನ್ನೇ ಕಂಡಿರಲಿಲ್ಲ. ಕುರೆಕುಪ್ಪದಲ್ಲಿ ನನ್ನ ಗೆಳೆಯ ವೀರಭದ್ರಪ್ಪನ ಮನೆ. ಅವನು ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಮನೆಯ ಪಡಸಾಲೆಯಲ್ಲಿ ನನ್ನನ್ನು ಮಲಗಿಸಿ ತಂಡ ಮುಂದೆ ಹೋಯಿತು. ಮಾಸ್ತರು ಹಾಜರಿ ಪುಸ್ತಕದಿಂದ ಹೆಸರು ಹೊಡೆಯುವ ಮುಖ ಮಾಡಿಕೊಂಡು, "ಮುಡುಪು ಏನಾರ ಐತೇನೋ?" ಎಂದು ಕೇಳಿದರು. ಕಾಲಿನ ನೋವಿನಲ್ಲಿ ನನಗೆ ಕಂಬಳಿಯ ಒಳಗಿನದು ನೆನಪಾಗಲಿಲ್ಲ. ಇಲ್ಲ ಎಂದೆ.

ಮರುದಿನ ಬೆಳಿಗ್ಗೆ ವೀರಭದ್ರಪ್ಪನ ಹೆಂಡತಿ ಶಂಕ್ರಮ್ಮ ಇಡ್ಲಿ ಮಾಡಿದ್ದಳು. ಜೊತೆಗೆ ಕಾಯಿ ಚಟ್ನಿ. ಎರಡು ಸಲ ಹಾಕಿಸಿಕೊಂಡೆ. ಮೂರನೆಯ ಸಲ ಬಡಿಸುವಾಗ ಶಂಕ್ರಮ್ಮ, "ನಿಮ್ಮ ಕಂಬಳಿ ಬಿಸ್ಲಿಗೆ ಹಾಕಾಕಂತ ಬಿಚ್ಚಿದ್ನ್ರಿ, ಕಾಯಿ ಉರುಳಿ ಬಂತು. ಮನ್ಯಾಗ ಕಾಯಿ ಇರ್ಲಿಲ್ಲ, ದೇವ್ರ ಕಳಿಸಿದಂಗಾತು ನೋಡ್ರಿ" ಎಂದಳು.

ನುಂಗಿದ್ದನ್ನು ಮರಳಿಸುವ ದಾರಿಯಿರಲಿಲ್ಲ. ಚಟ್ನಿ ರುಚಿಯಾಗಿತ್ತು. ಇದನ್ನು ಹೇಳದೆ ಇರಬಹುದಿತ್ತು, ಆದರೆ ಲೆಕ್ಕ ಪೂರ್ತಿಯಾಗಬೇಕಲ್ಲ.

ಊರಿಗೆ ಮರಳಿ, ತಂಡವೂ ಬಂದ ಮೇಲೆ, ಒಂದು ಮಂಗಳವಾರ ಪಂಪಕ್ಕ ಮೊಸರಿನ ಗಡಿಗೆ ಇಳಿಸಿ ಕೇಳಿದಳು: "ಸಾವ್ಕಾರ್ರ, ಕಾಯಿ ಮುಟ್ತೇನ್ರಿ?"

ನಾನು ತಂಡದವರ ಕೈಯಲ್ಲಿ ಕಳಿಸಿರಬೇಕೆಂದು ಅವಳು ಎಣಿಸಿದ್ದಾಳೆ ಎಂದುಕೊಂಡೆ. ನಾನು, "ಮುಟ್ತು ಪಂಪಕ್ಕ" ಎಂದೆ. ಮುಟ್ಟಿದ್ದೇನೋ ನಿಜ, ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ಹೀಗೆ ನನಗೆ ನಾನೇ ವಕೀಲನಾಗಿ ಆ ದಿನ ಗೆದ್ದೆ. ಆದರೆ ವಾರಕ್ಕೆ ಎರಡು ಸಲ ಮೊಸರನ್ನ ಕಲಸುವಾಗ ಮೊಕದ್ದಮೆ ಮತ್ತೆ ತೆರೆಯುತ್ತಿತ್ತು. ಹನ್ನೊಂದು ವರ್ಷ. ಆ ಕೂಸು ಈಗ ಐದನೆಯ ಇಯತ್ತೆಯಲ್ಲಿದೆ.

ಹಾಗಾಗಿ ಈ ಸಲ ಮತ್ತೆ ಹೊರಟೆ. ಕಾರಣವನ್ನು ಗಿರಿಜಾಗೂ ಹೇಳಲಿಲ್ಲ. ಭಕ್ತಿ ಎಂದೆ. ಅವಳು ನಂಬಲಿಲ್ಲವಾದರೂ ವಿರೋಧಿಸಲಿಲ್ಲ. ವಿರೋಧಿಸಿದವರು ಡಾಕ್ಟರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಹೋಗೋದಾದ್ರೆ ಬೆನ್ನ ಮೇಲೆ ನೀರೂ ಸೇರಿ ಐದು ಕಿಲೋ. ಒಂದು ಗ್ರಾಂ ಜಾಸ್ತಿಯಾದ್ರೂ ಮೊಣಕಾಲು ನಿಮ್ಮ ಜವಾಬ್ದಾರಿ" ಎಂದು ಚೀಟಿಯಲ್ಲಿ ಬರೆದೇ ಕೊಟ್ಟರು.

ಐದು ಕಿಲೋ! ನಮ್ಮ ಅವ್ವ ಕೇಳಿದ್ದರೆ ನಕ್ಕುಬಿಡುತ್ತಿದ್ದಳು. ಅವಳ ಕಾಲದಲ್ಲಿ ಕಂಪ್ಲಿಯಿಂದ ಹಂಪಿಗೆ ಒಂದು ದಿನದ ಮಟ್ಟಿಗೆ ಹೋಗಿಬರಲು ಎತ್ತಿನ ಗಾಡಿಯ ಅಚ್ಚು ಕಿರುಗುಟ್ಟುವಷ್ಟು ಗಂಟು ಕಟ್ಟುತ್ತಿದ್ದರು. ಜೋಳದ ರೊಟ್ಟಿ ಒಂದು ಗಂಟು, ಬುತ್ತಿ ಒಂದು ಗಂಟು, ಚಟ್ನಿಪುಡಿ ಮೂರು ಬಗೆ, ಈಳಿಗೆಮಣೆ, ಎರಡು ಕೌದಿ, ಯಾರಿಗಾದರೂ ಹೊಟ್ಟೆ ನೊಂದರೆ ಓಮ, ಯಾರಿಗೂ ನೋಯದಿದ್ದರೆ ಚುರುಮುರಿ. ಏಕೆಂದು ಕೇಳಿದರೆ ಒಂದೇ ಉತ್ತರ: "ಇರ್ಲಿ." ನಮ್ಮ ಮನೆತನದ ಸಕಲ ವೇದಾಂತವೂ ಈ ಒಂದು ಪದದಲ್ಲಿತ್ತು. ವಿರೂಪಾಕ್ಷನ ಗುಡಿಯ ಮುಂದೆ ಗಂಟುಗಳನ್ನು ಇಳಿಸಿ ಎಣಿಸುವಷ್ಟರಲ್ಲಿ ಮಂಗಗಳು ಬರುತ್ತಿದ್ದವು. ಒಮ್ಮೆ ರೊಟ್ಟಿಯ ಗಂಟನ್ನು ಗಂಟಿನ ಸಮೇತ ಗೋಪುರದ ಎರಡನೆಯ ಅಂತಸ್ತಿಗೆ ಒಯ್ದು, ಅಲ್ಲಿ ಬಿಚ್ಚಿ, ಮನೆಮಂದಿಗೆಲ್ಲ ಹಂಚಿ ತಿಂದವು. ಖಾರದ ಚಟ್ನಿಪುಡಿಯನ್ನು ಮಾತ್ರ ನಮ್ಮ ತಲೆಯ ಮೇಲೆ ವಾಪಸು ಉದುರಿಸಿದವು. ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಡುವ ವಿದ್ಯೆಯನ್ನು ನಾನು ಮೊದಲು ಕಂಡದ್ದು ಆ ಗೋಪುರದ ಮೇಲೆ. ಕಲಿತದ್ದು ಮಾತ್ರ ಐವತ್ತು ವರ್ಷ ತಡವಾಗಿ.

ಕಲಿಸಿದವಳು ನನ್ನ ಅಕ್ಕನ ಮಗಳು ಸುಮಾ. ಸಂಡೂರಿನ ಶಾಲೆಯೊಂದರಲ್ಲಿ ಆಟದ ಟೀಚರು. ರಜೆ ಸಿಕ್ಕರೆ ಹಿಮಾಲಯ, ಸಿಗದಿದ್ದರೆ ಹಂಪಿಯ ಬಂಡೆ. ನನ್ನ ಸಂಕಲ್ಪ ಕೇಳಿ ಒಂದು ಭಾನುವಾರ ಬಂದು, ನಾನು ಒಯ್ಯಬೇಕೆಂದಿದ್ದ ಸಾಮಾನನ್ನೆಲ್ಲ ಜಮಖಾನದ ಮೇಲೆ ಹರವಿಸಿದಳು. ಅಂಗಡಿಯಿಂದ ತಂದಿಟ್ಟಿದ್ದ ಕರೆಂಟಿನ ತಕ್ಕಡಿಯನ್ನು ನಡುವೆ ಇಟ್ಟಳು.

"ಮಾವ, ಒಂದ ರೂಲ್ಸು. ನಿಮ್ಮ ಜೊತಿಗೆ ಬರೋ ಪ್ರತಿ ಸಾಮಾನೂ ಎರಡು ಕೆಲಸ ಮಾಡಬೇಕು. ಒಂದ ಕೆಲಸ ಮಾಡೋದು ಮನ್ಯಾಗಿರ್ಲಿ."

"ಎರಡು ಕೆಲಸ ಮಾಡೋರು ಈ ಮನ್ಯಾಗ ನಾನೊಬ್ಬಾಕಿ" ಎಂದು ಒಳಗಿನಿಂದ ಗಿರಿಜಾ.

ವಿಚಾರಣೆ ಶುರುವಾಯಿತು. ಕಂಬಳಿ ತಕ್ಕಡಿ ಏರಿತು: ಎರಡು ಕಿಲೋ ಏಳುನೂರು. ಸುಮಾ ತಲೆಯಾಡಿಸಿದಳು.

"ಇದು ನಮ್ಮ ಅಪ್ಪಂದಲೇ" ಎಂದೆ.

"ಅಜ್ಜ ಇದನ್ನ ಹೊತ್ಕಂಡು ಎಲ್ಲಿಗೆ ಹೋಗಿದ್ರು?"

"ಅಟ್ಟಕ್ಕ."

"ಹಂಗಾರ ಅಲ್ಲೇ ಇರ್ಲಿ."

ಕಂಬಳಿಯ ಬದಲಿಗೆ ಗಿರಿಜಾಳ ಹಳೆಯ ತೆಳು ನೈಲಾನ್ ಸೀರೆ ಬಂತು. ನೀಲಿಯ ಮೇಲೆ ಬಿಳಿ ಹೂವು, ನಾನೂರು ಗ್ರಾಂ. ಹಾಸಬಹುದು, ಹೊದೆಯಬಹುದು, ನೆರಳಿಗೆ ಕಟ್ಟಬಹುದು, ಮೈ ಒರೆಸಿಕೊಳ್ಳಬಹುದು, ಒದ್ದೆಯಾದರೆ ನಡೆಯುತ್ತಲೇ ಒಣಗುತ್ತದೆ. ನಾಲ್ಕು ಕೆಲಸ! ಸುಮಾ ಅದನ್ನು ಕೈಯಲ್ಲಿ ಹಿಡಿದು ಗೌರವದಿಂದ ನೋಡಿದಳು. ಸ್ಟೀಲ್ ಡಬ್ಬಿ ಹೋಯಿತು. ದಾರಿಯುದ್ದಕ್ಕೂ ದಾಸೋಹದವರು ಎಲೆ ಹಾಕಿ ಕಾಯುತ್ತಿರುವಾಗ ಡಬ್ಬಿ ಯಾಕೆ? ಹಿತ್ತಾಳೆ ತಂಬಿಗೆಯ ಜಾಗಕ್ಕೆ ಪ್ಲಾಸ್ಟಿಕ್ ಬಾಟಲಿ. ಗಡ್ಡದ ಪೆಟ್ಟಿಗೆ ಹೋಯಿತು. ಗಡ್ಡ ಬಿಡುವುದಕ್ಕೆ ತೂಕವಿಲ್ಲ. ಸಾಬೂನನ್ನು ದಾರದಿಂದ ಮೂರು ತುಂಡು ಮಾಡಿ ಒಂದನ್ನು ಇಟ್ಟಳು. ಪಂಚಾಂಗ ತೂಗುವಾಗ ನಾನು ಸ್ವಲ್ಪ ಪ್ರತಿಭಟಿಸಿದೆ.

"ಯುಗಾದಿ ಎಂದು ಅಂತ ಹೆಂಗ ಗೊತ್ತಾಗಬೇಕು?"

"ಅಲ್ಲಿ ಎಲ್ಲಾರೂ ಬೇವು ಬೆಲ್ಲ ತಿಂತಿರ್ತಾರಲ್ಲ ಮಾವ, ಆವತ್ತು."

ಚೀಲವನ್ನು ಅವಳೇ ಕೊಟ್ಟಳು. ಹಂಪಿಗೆ ಬಂಡೆ ಹತ್ತಲು ಬಂದಿದ್ದ ಪರದೇಶದ ಹುಡುಗಿಯೊಬ್ಬಳು ಬಿಟ್ಟುಹೋದದ್ದಂತೆ; ಗಾಳಿಪಟದಂಥ ಬಟ್ಟೆ, ಅರ್ಧ ಕಿಲೋಗೂ ಕಡಿಮೆ. ನನ್ನ ಹಳೆಯ ಚೀಲ ಖಾಲಿಯಿದ್ದಾಗಲೇ ಎರಡು ಕಿಲೋ ತೂಗಿತು. ಹನ್ನೊಂದು ವರ್ಷದ ಹಿಂದೆ ನಾನು ಏನೂ ತುಂಬದೆ ಹೊರಟಿದ್ದರೂ ಅರ್ಧ ಸೋತಿದ್ದೆ ಎಂದು ಆಗ ತಿಳಿಯಿತು.

ಛತ್ರಿಯ ವಿಷಯದಲ್ಲಿ ಮಾತ್ರ ನಾನು ಗೆದ್ದೆ. ನಾನೂರ ಹತ್ತು ಗ್ರಾಂ. ಬಿಚ್ಚಿದರೆ ನೆರಳು, ಮಡಿಸಿದರೆ ಊರುಗೋಲು, ನಾಯಿ ಬಂದರೆ ಇನ್ನೊಂದು. "ಮೂರು ಕೆಲಸ" ಎಂದೆ. ಸುಮಾ ಒಪ್ಪಿ ಸಹಿ ಹಾಕಿದಂತೆ ತಲೆಯಲ್ಲಾಡಿಸಿದಳು.

ಈ ಹಗುರ ಮಾಡುವ ಚಟ ಒಮ್ಮೆ ಹತ್ತಿತೆಂದರೆ ಎಲೆ ಅಡಿಕೆಗಿಂತ ಕೆಟ್ಟದ್ದು. ಸುಮಾ ಹೋದ ಮೇಲೂ ನಾನು ತಕ್ಕಡಿಯ ಮುಂದಿನಿಂದ ಏಳಲಿಲ್ಲ. ಅಂಗಿಯ ಜೇಬು ಬಿಚ್ಚಿದೆ. ಚೀಲದ ಚೀಟಿ ಕತ್ತರಿಸಿದೆ. ಕನ್ನಡಕದ ಪೆಟ್ಟಿಗೆಯ ಬದಲು ಕಾಲುಚೀಲ ಬಳಸಿದೆ. ಆಮೇಲೆ ಬ್ರಷ್ಷಿನ ಸರದಿ ಬಂತು. ಮುಂದೆ ಎರಡು ಶನಿವಾರ ಸಂಡೂರಿಗೆ ಹೋಗಿ, ಚೀಲ ಬೆನ್ನಿಗೇರಿಸಿ, ಸುಮಾಳ ಹಿಂದೆ ಗುಡ್ಡದ ದಾರಿ ಹತ್ತಿಳಿದೆ. ಮನೆಗೆ ಬಂದು ತೂಗಿದರೆ ಚೀಲ ತೊಂಬತ್ತು ಗ್ರಾಂ ಹೆಚ್ಚಾಗಿತ್ತು! ಒಂದು ತಾಸು ತಲೆ ಕೆಡಿಸಿಕೊಂಡು, ಎಲ್ಲ ಬಿಚ್ಚಿ ಕೊಡವಿದಾಗ ಹೊರಬಿದ್ದದ್ದು ಸಂಡೂರಿನ ಕೆಂಪು ಧೂಳು. ಅದಿರನ್ನು ಲಾರಿಯಲ್ಲಿ ಸಾಗಿಸುವ ಊರಿನಿಂದ ನಾನು ನನ್ನ ಕೈಲಾದಷ್ಟು ಬೆನ್ನ ಮೇಲೆ ತಂದಿದ್ದೆ.

ಹೊರಡುವ ಹಿಂದಿನ ದಿನಕ್ಕೆ ನೀರು ಸೇರಿ ನಾಲ್ಕು ಕಿಲೋ ಒಂಬೈನೂರ ಅರವತ್ತು. ಡಾಕ್ಟರ ಗೆರೆಯಿಂದ ನಲವತ್ತು ಗ್ರಾಂ ಈಚೆ.

ಪಂಪಕ್ಕನ ಕಾಯಿ ಈ ಲೆಕ್ಕದಲ್ಲಿ ಎಲ್ಲಿ ಎಂದು ನೀವು ಕೇಳಬಹುದು. ಅಲ್ಲಿದೆ ನೋಡಿ ನನ್ನ ಜಾಣತನ. ಶ್ರೀಶೈಲದಲ್ಲಿ ಗುಡಿಯ ಮುಂದೆ ಸಾಲುಸಾಲು ಕಾಯಿ ಅಂಗಡಿ. ಅಲ್ಲೇ ಒಂದು ಕಾಯಿ ಕೊಂಡು, ಅವಳ ಹೆಸರು ಹೇಳಿ ಒಡೆಸಿದರಾಯಿತು. ತೂಕ: ಸೊನ್ನೆ. ಮಾಸ್ತರ ಕಟ್ಟಳೆ ಮಾಸ್ತರಿಗೆ. ಕಾಯಿ ಯಾವ ಊರಿನದು, ಎಷ್ಟು ನಡೆದು ಬಂತು ಎಂದು ಮಲ್ಲಯ್ಯ ವಿಚಾರಿಸುವವನಲ್ಲ. ಇಡೀ ಯಾತ್ರೆಯ ತಯಾರಿಯಲ್ಲಿ ಇದಕ್ಕಿಂತ ಹಗುರವಾದ ಉಪಾಯ ಇನ್ನೊಂದಿರಲಿಲ್ಲ. ಯಾರಿಗೂ ಹೇಳಿಕೊಳ್ಳಲಾಗದ್ದೇ ಬೇಸರ.

ಆ ದಿನ ಬೆಳಿಗ್ಗೆಯಿಂದ ಓಣಿಯವರು, ನೆಂಟರು ಮುಡುಪಿನ ಕಾಯಿ ಹಿಡಿದು ಬರತೊಡಗಿದರು. ನಾನು ಡಾಕ್ಟರ ಚೀಟಿಯನ್ನು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸಿದ್ದೆ. ಪ್ರತಿಯೊಬ್ಬರಿಗೂ ಅದನ್ನು ತೋರಿಸಿ, ಕಾಯಿಯನ್ನು ಮಾಸ್ತರ ಮನೆಗೆ, ತಂಡದ ಹರೆಯದವರ ಹೆಗಲಿಗೆ ಕಳಿಸಿದೆ. ಸಂಕೋಚವಾಯಿತು, ಆದರೆ ಮೊಣಕಾಲು ಸರಕಾರಿ ಕಾಗದದಷ್ಟೇ ಗಟ್ಟಿ ಕಾರಣ.

ಹನ್ನೊಂದರ ಹೊತ್ತಿಗೆ ಪಂಪಕ್ಕ ಬಂದಳು. ಶುಕ್ರವಾರ, ಮೊಸರಿನ ದಿನ. ಗಡಿಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಕಾಯಿ ಕಾಣಲಿಲ್ಲ. ನನಗೆ ಒಳಗೇ ಒಂದು ನೆಮ್ಮದಿ. ಆದರೂ ಅಭ್ಯಾಸಬಲದಿಂದ ಚೀಟಿಯನ್ನು ಮೊಳೆಯಿಂದ ತೆಗೆದೆ.

"ಪಂಪಕ್ಕ, ಈ ಸಲ ಡಾಕ್ಟ್ರು ಐದು ಕಿಲೋ ಅಂದಾರ. ಕಾಯಿ ಏನಾರ ಕೊಡೋದಿದ್ರ ಮಾಸ್ತರ ಮನಿಗೆ..."

"ಇಲ್ರೀ ಸಾವ್ಕಾರ್ರ, ನಾ ಕಾಯಿ ತಂದಿಲ್ಲ."

"ಹೌದಾ."

"ಹೂಂ. ಹೋದ ಸಲದ್ದ ನಿಮ್ಮತ್ರ ಐತಲ್ರಿ."

ಗಿರಿಜಾ ಒಳಗೆ ಮೊಸರು ಸುರಿದುಕೊಳ್ಳುತ್ತಿದ್ದಳು. ಗಡಿಗೆಯ ಅಂಚಿಗೆ ಸೌಟು ತಾಗುವ ಸದ್ದು ಕೇಳುತ್ತಿತ್ತು. ನಾನು ಡಾಕ್ಟರ ಚೀಟಿಯನ್ನು ಮೊದಲಿನಿಂದ ಓದಿದೆ.

"ಶಂಕ್ರಮ್ಮ ನಮ್ಮೂರ ಮಗಳ್ರಿ" ಎಂದಳು ಪಂಪಕ್ಕ, ಮಳೆ ಬೆಳೆಯ ಮಾತಾಡುವವಳಂತೆ. "ಆ ವರ್ಷ ಹಬ್ಬಕ್ಕ ಬಂದಾಗ ಹಳದಿ ಅರಿವಿ ತಂದ್ಕೊಟ್ಲು, 'ಯಾರದೋ ಏನೋ, ತಪ್ಪಾತೇನೋ' ಅಂತ ಭಾಳ ಮರುಗಿದ್ಲು. ಇರ್ಲಿ ಬಿಡವ್ವ ಅಂದೆ. ಹಸದೋರು ತಿಂದಾರ."

"ಹನ್ನೊಂದು ವರ್ಷ ಯಾಕ ಕೇಳಲಿಲ್ಲ ಪಂಪಕ್ಕ?"

"ಕೇಳಿದ್ನಲ್ರಿ. ನೀವು ಮುಟ್ತು ಅಂದ್ರಿ." ಗಿರಿಜಾ ತಂದುಕೊಟ್ಟ ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡಳು. "ಹುಷಾರಿ ಹೋಗಿ ಬರ್ರಿ. ಬಿಸ್ಲು ಭಾಳ ಐತಿ."

ತಕ್ಕಡಿಯ ಬಗ್ಗೆ ಅಪ್ಪ ಹೇಳಿದ್ದು ನನಗೆ ನೆನಪಾದದ್ದು ಆಗ.

ಮಾರುಕಟ್ಟೆಗೆ ಹೋದೆ. ಕಾಯಿಯವನ ಮುಂದೆ ಕೂತು ಒಂದೊಂದನ್ನೇ ಅಂಗೈಯಲ್ಲಿ ಹಿಡಿದು ನೋಡತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ನಾನು ಮಾಡುತ್ತಿರುವುದೇನೆಂದು ನನಗೇ ತಿಳಿಯಿತು: ಎಲ್ಲಕ್ಕಿಂತ ಹಗುರವಾದದ್ದನ್ನು ಆರಿಸುತ್ತಿದ್ದೆ. ಚಟ ಅಂದೆನಲ್ಲ.

"ಯಾತಕ್ಕ ಬೇಕ್ರಿ?" ಎಂದ ಅವನು.

"ಹರಕಿಗೆ. ಶ್ರೀಶೈಲಕ್ಕ, ನಡ್ಕಂಡು."

"ಹಂಗಾರ ಸಣ್ಣದು ತಗೋರಿ, ಹೊರೋರು ನೀವು. ದೇವ್ರೇನು ತೂಗಿ ನೋಡ್ತಾನ?"

"ದೇವ್ರು ನೋಡಂಗಿಲ್ಲಪ್ಪ" ಎಂದು, ರಾಶಿಯಲ್ಲಿದ್ದ ನೀರು ತುಂಬಿದ ದೊಡ್ಡ ಕಾಯಿ ಎತ್ತಿಕೊಂಡೆ. ಮನೆಗೆ ಬರುವ ಮೊದಲು ಅದನ್ನು ಪಾಪಿನಾಯಕನಹಳ್ಳಿಗೆ ಒಯ್ದು ಅವಳ ಹೊಸ್ತಿಲು ಮುಟ್ಟಿಸಬೇಕಲ್ಲವೇ ಎಂದು ಯೋಚಿಸಿದೆ. ಆಟೋ ಹತ್ತಿದರೆ ಚಕ್ರ. ಹೇಗೂ ನಾಳೆ ದಾರಿ ಅವಳ ಊರ ಮೇಲೇ ಹೋಗುತ್ತದೆ.

ಮನೆಯಲ್ಲಿ ಸುಮಾ ಬೀಳ್ಕೊಡಲು ಬಂದಿದ್ದಳು. ಕಾಯಿ ತಕ್ಕಡಿ ಏರಿತು: ಆರುನೂರ ನಲವತ್ತು.

"ಮಾವ, ಇದೇನು ಹೊಸದು! ಇದು ಯಾವ ಎರಡು ಕೆಲಸ ಮಾಡ್ತತಿ?"

"ಒಂದ ಕೆಲಸನಲೇ. ಅದೂ ಹನ್ನೊಂದು ವರ್ಷ ತಡ ಆಗೇತಿ."

ಆಮೇಲೆ ಅವರಿಬ್ಬರಿಗೂ ಎಲ್ಲವನ್ನೂ ಹೇಳಿದೆ. ಚಟ್ನಿ ಮೂರು ಸಲ ಹಾಕಿಸಿಕೊಂಡದ್ದನ್ನೂ. ಸುಮಾ ನಗಲಿಲ್ಲ. ಗಿರಿಜಾ ಬಂದು ಚೀಲದಿಂದ ಎರಡನೆಯ ಪಂಚೆ ತೆಗೆದಳು: ಇನ್ನೂರ ಐವತ್ತು. ಆಮೇಲೆ ನನ್ನ ಛತ್ರಿ ತೆಗೆದಳು. ಹೊಸ ತೂಕ ನಾಲ್ಕು ಕಿಲೋ ಒಂಬೈನೂರ ನಲವತ್ತು. ಕಾಯಿಯನ್ನು ಚೀಲದ ಬಾಯಲ್ಲೇ, ಎಲ್ಲದರ ಮೇಲೆ ಇಟ್ಟಳು.

"ಬಿಸ್ಲಿಗೆ ಏನು ಮಾಡ್ಲಿ?" ಎಂದೆ.

"ನನ್ನ ಸೀರಿ ಐತಲ್ಲ. ಹೊಚ್ಕೊರಿ."

ಪಾಪಿನಾಯಕನಹಳ್ಳಿಯಲ್ಲಿ ಪಂಪಕ್ಕ ದಾರಿಗೆ ಬಂದು ನಿಂತಿದ್ದಳು. ಕಾಯಿಯನ್ನು ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ಹಣೆಗೆ ಮುಟ್ಟಿಸಿ, ಸೊಂಟದಿಂದ ಹಳದಿ ಬಟ್ಟೆಯ ತುಂಡೊಂದನ್ನು ತೆಗೆದು ಕಟ್ಟಿ ವಾಪಸು ಕೊಟ್ಟಳು. ಹೊಸ ಬಟ್ಟೆಯಲ್ಲ. ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿತ್ತು. ಕುರೆಕುಪ್ಪದಲ್ಲಿ ಶಂಕ್ರಮ್ಮ ಮನೆಮುಂದೆ ನೀರು ಹಿಡಿದು ನಿಂತಿದ್ದಳು. ಮೊದಲು ಮೊಣಕಾಲು ನೋಡಿ, ಆಮೇಲೆ ಚೀಲ ನೋಡಿ, "ಈ ಸಲ ಮ್ಯಾಲೆ ಇಟ್ಕಂಡೀರಿ, ಚೊಲೋ ಆತು" ಎಂದಷ್ಟೇ ಹೇಳಿದಳು.

ಮುಂದಿನ ದಿನಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ನಡೆಯುವುದು ಬಹಳ ನೀರಸವಾದ ಕೆಲಸ. ಒಂದು ಕಾಲು, ಆಮೇಲೆ ಇನ್ನೊಂದು. ಮೊಣಕಾಲು ನೊಂದಿತು, ಆದರೆ ಮಾತು ಕೇಳಿತು. ಬಳ್ಳಾರಿ ದಾಟಿದ ಮೇಲೆ ಬಿಸಿಲು ತಲೆಯೊಳಗೇ ಇಳಿಯತೊಡಗಿದಾಗ ನೀಲಿ ಸೀರೆಯನ್ನು ತಲೆತುಂಬ ಹೊದ್ದು ನಡೆದೆ. ಆಂಧ್ರದ ಒಂದು ಹಳ್ಳಿಯಲ್ಲಿ ಮಜ್ಜಿಗೆ ಹಂಚುತ್ತಿದ್ದ ಹೆಂಗಸು ಹಿಂದಿನಿಂದ, "ಅಮ್ಮಾ, ಮಜ್ಜಿಗ ತಾಗಂಡಮ್ಮಾ" ಎಂದು ಕರೆದಳು. ತಿರುಗಿ ನನ್ನ ಮೀಸೆ ತೋರಿಸಿದೆ. ಅವಳ ಕೈಯಲ್ಲಿದ್ದ ಲೋಟ ನನ್ನ ಬದಲು ಅವಳ ಸೀರೆಗೆ ಮಜ್ಜಿಗೆ ಕುಡಿಸಿತು. ಅಂದಿನಿಂದ ಮಾಸ್ತರು ಹಾಜರಿಯಲ್ಲಿ ನನ್ನ ಹೆಸರಿಗೆ "ಅಮ್ಮ" ಎಂದು ಸೇರಿಸತೊಡಗಿದರು. ಸೀರೆಯ ಐದನೆಯ ಕೆಲಸ ಅದು. ಇಪ್ಪತ್ತು ಜನರನ್ನು ಶ್ರೀಶೈಲದ ಕಾಡು ದಾಟುವವರೆಗೆ ನಗಿಸಿತು.

ಮಲ್ಲಯ್ಯನ ಗುಡಿಯಲ್ಲಿ ಕಾಯಿ ಒಂದೇ ಏಟಿಗೆ ಒಡೆಯಿತು. ಹನ್ನೊಂದು ವರ್ಷ ಕಾದ ಕ್ಷಣಕ್ಕೆ ಅಷ್ಟು ಬೇಗ ಮುಗಿಯುವ ಹಕ್ಕಿರಲಿಲ್ಲ ಎನಿಸಿತು. ಪೂಜಾರಿ ಒಂದು ಹೋಳು ಕೈಗಿಟ್ಟು, "ಜರುಗಂಡಿ, ಜರುಗಂಡಿ" ಎಂದ; ಜರುಗಿದೆ. ಹೋಳನ್ನು ಅದೇ ಹಳದಿ ಬಟ್ಟೆಯಲ್ಲಿ ಸುತ್ತಿ, ಬಸ್ಸು ಹತ್ತಿ, ಊರಿಗೆ ಬಂದ ಮರುದಿನ ಬೆಳಿಗ್ಗೆಯೇ ಪಾಪಿನಾಯಕನಹಳ್ಳಿಗೆ ಹೋದೆ. ಇಷ್ಟು ವರ್ಷ ಅವಳು ನಮ್ಮ ಮನೆಗೆ ಬಂದಿದ್ದಳು. ನಾನು ಅವಳ ಮನೆಗೆ ಹೋದದ್ದು ಅದೇ ಮೊದಲು.

ಪಂಪಕ್ಕ ಹೋಳನ್ನು ಕಣ್ಣಿಗೊತ್ತಿಕೊಂಡು, ಚೂರಿಯಿಂದ ಒಂದು ತುಣುಕು ಎಬ್ಬಿಸಿ, ರಜೆಗೆ ಅಜ್ಜಿಯ ಮನೆಗೆ ಬಂದಿದ್ದ ಮೊಮ್ಮಗಳನ್ನು ಕರೆದು ಬಾಯಿಗಿಟ್ಟಳು. ಇನ್ನೊಂದನ್ನು ತಾನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಹನ್ನೊಂದು ವರ್ಷದ ಕಾಯಿ ನೋಡ್ರಿ. ಇನ್ನಾ ಸಿಹಿ ಐತಿ."

ನಾನು ಹೊರಡಲೆಂದು ಎದ್ದೆ.

"ಎಲ್ಲಿಗೆ ಹೊಂಟ್ರಿ? ಕುಂದ್ರಿ. ಉಳಿದದ್ದು ಚಟ್ನಿ ಅರಿತೀನಿ, ರೊಟ್ಟಿ ಐತಿ, ತಿಂದು ಹೋಗ್ರಿ."

ಕೂತೆ. ಚಟ್ನಿ ರುಚಿಯಾಗಿತ್ತು. ಹೋದ ಸಲದ್ದಕ್ಕಿಂತ ಖಾರ ಸ್ವಲ್ಪ ಹೆಚ್ಚು.